ಬೇಸ್‌ಬಾಲ್ ಅಂಗಳದಲ್ಲಿ ಕ್ರಿಕೆಟ್: ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿ ಕ್ರೀಡಾಂಗಣದ ವಿಮರ್ಶೆ

ಅಮೆರಿಕದಲ್ಲಿ ಒಳ್ಳೆಯ ಕ್ರಿಕೆಟ್ ಮೈದಾನ ಯಾವುದೆಂದು ಕೇಳುವವರಿಗೆ ನಾನು ಸದ್ಯಕ್ಕೆ ಹೇಳುವ ಹೆಸರು ಟೆಕ್ಸಸ್ ರಾಜ್ಯದ ಗ್ರ್ಯಾಂಡ್ ಪ್ರೇರಿ ಕ್ರೀಡಾಂಗಣದ್ದು. ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಗರಗಳ ನಡುವೆ, ಲೋನ್ ಸ್ಟಾರ್ ಪಾರ್ಕ್ ಎಂಬ ಕುದುರೆ ರೇಸ್ ಕೋರ್ಸಿನ ಪಕ್ಕದಲ್ಲಿರುವ ಈ ಕ್ರೀಡಾಂಗಣದಲ್ಲಿ ಸುಮಾರು 7,200 ಮಂದಿ ಕೂರಬಹುದು. ದೊಡ್ಡ ಪಂದ್ಯಗಳು ಬಂದಾಗ ತಾತ್ಕಾಲಿಕ ಗ್ಯಾಲರಿಗಳನ್ನು ಜೋಡಿಸಿ 15,000ದವರೆಗೆ ಹಿಗ್ಗಿಸಲು ಅವಕಾಶವಿದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಕಂಡವರಿಗೆ ಈ ಸಂಖ್ಯೆ ತೀರಾ ಸಣ್ಣದೆನಿಸುವುದು ಸಹಜ. ಆದರೆ ಅಮೆರಿಕದಂತಹ ದೇಶದಲ್ಲಿ ವೃತ್ತಿಪರ ಕ್ರಿಕೆಟ್ಟಿಗೆ ಮೈದಾನ ಕಟ್ಟುವುದಾದರೆ ಯಾವ ಕ್ರಮದಲ್ಲಿ ಕಟ್ಟಬೇಕು, ಮೊದಲ ಹಣವನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆಗೆ ಈವರೆಗೆ ಸಿಕ್ಕಿರುವ ಉತ್ತಮ ಉತ್ತರ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಐದು ಅಂಕಗಳಲ್ಲಿ ನಾಲ್ಕನ್ನು ನಾನು ಇದಕ್ಕೆ ಕೊಡುತ್ತೇನೆ. ಉಳಿದ ಒಂದನ್ನು ಏಕೆ ತಡೆಹಿಡಿದಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಈ ಜಾಗ ಮೂಲತಃ ಕ್ರಿಕೆಟ್ಟಿನದಲ್ಲ. 2008ರಲ್ಲಿ ಇಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ಆರಂಭವಾಯಿತು. ಏರ್‌ಹಾಗ್ಸ್ ಎಂಬ ತಂಡಕ್ಕೆ ಅದು ತವರು ಅಂಗಣವಾಗಿತ್ತು. 2020ರ ವೇಳೆಗೆ ಆ ತಂಡದ ಆಟ ನಿಂತುಹೋಯಿತು. ಕ್ರೀಡಾಂಗಣ ನಗರಸಭೆಯ ಒಡೆತನದಲ್ಲಿದ್ದುದರಿಂದ ಅದನ್ನು ಕೆಡವಿ ಮಾರುವ ಬದಲು ಅಮೆರಿಕದ ಟಿ20 ಲೀಗ್ ಆದ ಮೇಜರ್ ಲೀಗ್ ಕ್ರಿಕೆಟ್ಟನ್ನು ಹುಟ್ಟುಹಾಕಿದ ಅಮೆರಿಕನ್ ಕ್ರಿಕೆಟ್ ಎಂಟರ್‌ಪ್ರೈಸಸ್ ಸಂಸ್ಥೆಗೆ ಗುತ್ತಿಗೆಗೆ ನೀಡಲಾಯಿತು. ಸುಮಾರು 2 ಕೋಟಿ ಡಾಲರ್ ವೆಚ್ಚದಲ್ಲಿ ನಡೆದ ಮರುನಿರ್ಮಾಣ ಮುಗಿದು, 2023ರ ಜುಲೈ 13ರಂದು ಟೆಕ್ಸಸ್ ಸೂಪರ್ ಕಿಂಗ್ಸ್ ಮತ್ತು ಲಾಸ್ ಏಂಜಲೀಸ್ ನೈಟ್ ರೈಡರ್ಸ್ ನಡುವಿನ ಪಂದ್ಯದೊಂದಿಗೆ ಲೀಗ್ ಇಲ್ಲಿಯೇ ಶುರುವಾಯಿತು. 2023, 2024 ಮತ್ತು 2025ರ ಮೂರೂ ಫೈನಲ್‌ಗಳು ನಡೆದದ್ದು ಇಲ್ಲಿಯೇ.

ಬೇಸ್‌ಬಾಲ್ ಮೈದಾನವನ್ನು ಕ್ರಿಕೆಟ್ಟಿಗೆ ಒಗ್ಗಿಸುವುದೆಂದರೆ ಹುಲ್ಲಿನ ನಡುವೆ ಒಂದು ಪಿಚ್ ಹಾಸಿ ಬೌಂಡರಿ ಹಗ್ಗ ಎಳೆಯುವ ಕೆಲಸ ಎಂದು ಹಲವರು ತಿಳಿದಿದ್ದಾರೆ. ಎರಡು ಆಟಗಳ ಜ್ಯಾಮಿತಿಯೇ ಬೇರೆ. ಬೇಸ್‌ಬಾಲ್‌ನಲ್ಲಿ ದಾಂಡಿಗ ಮೈದಾನದ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ. ಅವನ ಮುಂದೆ ತೊಂಬತ್ತು ಡಿಗ್ರಿಯಷ್ಟು ತೆರೆದುಕೊಂಡ ಭಾಗದಲ್ಲಷ್ಟೇ ಆಟ ನಡೆಯುತ್ತದೆ, ಬೆನ್ನ ಹಿಂದೆ ಹೋದ ಚೆಂಡಿಗೆ ರನ್ ಇಲ್ಲ. ಹೀಗಾಗಿ ದುಬಾರಿ ಆಸನಗಳೆಲ್ಲ ಆ ಮೂಲೆಯನ್ನು ಅಪ್ಪಿಕೊಂಡು ಬಾಗಿರುತ್ತವೆ ಮತ್ತು ಎದುರು ಭಾಗದಲ್ಲಿ ಗೋಡೆಯ ಹೊರತು ಹೆಚ್ಚೇನೂ ಇರುವುದಿಲ್ಲ. ಕ್ರಿಕೆಟ್ಟಿಗಾದರೋ ಪಿಚ್ ಮಧ್ಯದಲ್ಲಿರಬೇಕು, ಸುತ್ತ ಎಲ್ಲ ದಿಕ್ಕಿಗೂ ಅರವತ್ತೈದು ಎಪ್ಪತ್ತು ಮೀಟರಿನಷ್ಟು ಸಮನಾದ ನೆಲ ಬೇಕು, ಎರಡೂ ತುದಿಗಳಲ್ಲಿ ಸೈಟ್‌ಸ್ಕ್ರೀನ್, ಅಂದರೆ ದಾಂಡಿಗನಿಗೆ ಚೆಂಡು ಸ್ಪಷ್ಟವಾಗಿ ಕಾಣಲೆಂದು ಬೌಲರ್‌ನ ಹಿಂದೆ ಇಡುವ ದೊಡ್ಡ ಪರದೆ, ನಿಲ್ಲಿಸಲು ಜಾಗ ಬೇಕು. ಗ್ರ್ಯಾಂಡ್ ಪ್ರೇರಿಯಲ್ಲಿ ಹಳೆಯ ಬಾಗಿದ ಗ್ಯಾಲರಿಯನ್ನು ಉಳಿಸಿಕೊಂಡು ನವೀಕರಿಸಿದ್ದಾರೆ. ಆದರೆ ಅದರ ಮುಂದಿನ ಕೆಂಪು ಮಣ್ಣಿನ ವಜ್ರಾಕೃತಿ, ಪಿಚರ್ ನಿಲ್ಲುತ್ತಿದ್ದ ದಿಬ್ಬ ಎಲ್ಲವನ್ನೂ ತೆಗೆದು ನೆಲವನ್ನು ಹೊಸದಾಗಿ ರೂಪಿಸಿದ್ದಾರೆ. ಹಳೆಯ ಗುರುತನ್ನು ಹುಡುಕಿದರೆ ಇಂದು ಕಾಣುವುದು ಆ ಗ್ಯಾಲರಿಯ ಬಾಗಿನಲ್ಲಿ ಮಾತ್ರ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಮಣ್ಣಿನದು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲ ಮುಟ್ಟದೆಯೇ ದಾಂಡಿಗನನ್ನು ತಲುಪುವುದರಿಂದ ಅವನ ಮುಂದಿನ ನೆಲ ಹೇಗಿದೆ ಎಂಬುದು ಆ ಕ್ಷಣಕ್ಕೆ ಮುಖ್ಯವಲ್ಲ. ಕ್ರಿಕೆಟ್ಟಿನ ಚೆಂಡು ಪುಟಿಯುವ ಆ 22 ಗಜದ ಪಟ್ಟಿ ಎಷ್ಟು ಗಟ್ಟಿ, ಎಷ್ಟು ಒಣ, ಹುಲ್ಲಿನ ಬೇರು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರ ಮೇಲೆ ಇಡೀ ಆಟ ನಿಂತಿದೆ. ಅಮೆರಿಕದಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಈ ವಿದ್ಯೆಗೆ ಬೇಡಿಕೆಯೇ ಇರಲಿಲ್ಲ. 1844ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕ ಮತ್ತು ಕೆನಡಾ ತಂಡಗಳು ಆಡಿದ ಪಂದ್ಯವೇ ಜಗತ್ತಿನ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯವೆಂಬ ಹಿರಿಮೆ ಇದ್ದರೂ, ಆ ಪರಂಪರೆ ಮುಂದೆ ಬೇಸ್‌ಬಾಲ್ ಎದುರು ಸೊರಗಿತು. ಈಚಿನ ದಶಕಗಳಲ್ಲಿ ವಲಸಿಗರು ಉದ್ಯಾನಗಳಲ್ಲಿ ಆಡುತ್ತಾ ಬಂದದ್ದು ಬಹುಪಾಲು ಮ್ಯಾಟಿಂಗ್ ಅಥವಾ ಕೃತಕ ಹುಲ್ಲಿನ ಪಿಚ್‌ಗಳ ಮೇಲೆ. ಮ್ಯಾಟಿಂಗ್ ಮೇಲೆ ಆಡಿದವರಿಗೆ ಅದರ ಪುಟಿತ ಗೊತ್ತು. ಮಣ್ಣಿನ ಪಿಚ್ಚಿನ ಸ್ವಭಾವವನ್ನು ಅದು ಎಂದಿಗೂ ಕಲಿಸುವುದಿಲ್ಲ.

ಡಲ್ಲಾಸ್ ಸುತ್ತಲಿನ ಸೀಮೆಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂಬ ಹೆಸರಿದೆ. ಧಾರವಾಡ, ಗದಗ, ವಿಜಯಪುರದ ಎರೆ ಹೊಲಗಳನ್ನು ಕಂಡವರಿಗೆ ಈ ನೆಲ ಪರಕೀಯವೆನಿಸದು. ಮಳೆಗೆ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುವ ಅದೇ ಜಾತಿಯ ಕಪ್ಪು ಜಿಗುಟು ಮಣ್ಣು ಇದು. ಇಂತಹ ಸೀಮೆಯಲ್ಲಿ ಮೈದಾನವನ್ನು ಸಮತಟ್ಟಾಗಿ ಉಳಿಸಿಕೊಳ್ಳುವುದು ಒಮ್ಮೆ ಕಟ್ಟಿ ಮುಗಿಸುವ ಕೆಲಸವಲ್ಲ. ವರ್ಷವಿಡೀ ನೀರು, ರೋಲರ್, ಹುಲ್ಲಿನ ಲೆಕ್ಕ ನೋಡುವ ಕಾಯಂ ಸಿಬ್ಬಂದಿ ಬೇಕು. ಗ್ರ್ಯಾಂಡ್ ಪ್ರೇರಿಯನ್ನು ನಾನು ಮೆಚ್ಚಲು ಮೊದಲ ಕಾರಣ ಇದೇ. ಇಲ್ಲಿ ಪಿಚ್ ಎಲ್ಲಿಂದಲೋ ಬಂದು ಹೋಗುವ ಅತಿಥಿಯಲ್ಲ, ನೆಲದಲ್ಲೇ ಬೇರೂರಿದ್ದು. ಎರಡು ಇನಿಂಗ್ಸ್‌ಗಳ ನಡುವಿನ ಬಿಡುವಿನಲ್ಲಿ ತಿಂಡಿಗೆ ಎದ್ದು ಹೋಗದೆ ಕುಳಿತು ನೋಡಿದರೆ, ಸಿಬ್ಬಂದಿ ಪಿಚ್ಚಿನ ಮೇಲಿನ ಪುಡಿಯನ್ನು ಗುಡಿಸಿ, ಬೌಲರ್‌ಗಳ ಕಾಲು ತೋಡಿದ ಗುಳಿಗಳಿಗೆ ಮಣ್ಣು ತುಂಬಿ ದಮ್ಮಸು ಹಾಕಿ, ಮಂಡಿಯೂರಿ ಕ್ರೀಸಿನ ಗೆರೆಗಳನ್ನು ಹೊಸದಾಗಿ ಬಳಿಯುವುದು ಕಾಣುತ್ತದೆ. ಮೈದಾನ ಚಿಕ್ಕದಾದ್ದರಿಂದ ಆ ಕೆಲಸದ ಪ್ರತಿ ಹಂತವೂ ಆಸನದಿಂದಲೇ ಕಣ್ಣಿಗೆ ಬೀಳುತ್ತದೆ. ಅಮೆರಿಕದಲ್ಲಿ ಈ ಕಸುಬು ಬಲ್ಲವರ ಸಂಖ್ಯೆ ಹೆಚ್ಚಬೇಕಾದರೆ ಇಂತಹ ಕಾಯಂ ಮೈದಾನಗಳೇ ಅದರ ಪಾಠಶಾಲೆಗಳಾಗಬೇಕು.

ಪಿಚ್ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ದಾಖಲೆಗಳೇ ಸಾಕು. 2023ರ ಫೈನಲ್‌ನಲ್ಲಿ ಸಿಯಾಟಲ್ ಓರ್ಕಾಸ್ ತಂಡದ 183 ರನ್‌ಗಳನ್ನು ಎಂಐ ನ್ಯೂಯಾರ್ಕ್ 16 ಓವರ್‌ಗಳಲ್ಲೇ ಬೆನ್ನಟ್ಟಿ ಗೆದ್ದಾಗ ನಿಕೊಲಸ್ ಪೂರನ್ 55 ಎಸೆತಗಳಲ್ಲಿ ಅಜೇಯ 137 ರನ್ ಹೊಡೆದಿದ್ದರು. 2024ರ ಟಿ20 ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಕೆನಡಾದ 194 ರನ್‌ಗಳೆದುರು ಅಮೆರಿಕದ ಆ್ಯರನ್ ಜೋನ್ಸ್ 40 ಎಸೆತಗಳಲ್ಲಿ 10 ಸಿಕ್ಸರ್ ಸಹಿತ ಅಜೇಯ 94 ರನ್ ಬಾರಿಸಿದ್ದೂ ಇಲ್ಲಿಯೇ. ಇಷ್ಟನ್ನೇ ನೋಡಿದರೆ ಇದು ದಾಂಡಿಗರ ಸ್ವರ್ಗ ಎನ್ನಬೇಕಾಗುತ್ತಿತ್ತು. ಆದರೆ ಅದೇ ವಿಶ್ವಕಪ್ಪಿನಲ್ಲಿ, ಅದೇ ವಾರದಲ್ಲಿ, ಶ್ರೀಲಂಕಾದ 124 ರನ್‌ಗಳನ್ನು ದಾಟಲು ಬಾಂಗ್ಲಾದೇಶ ಎಂಟು ವಿಕೆಟ್ ಕಳೆದುಕೊಳ್ಳಬೇಕಾಯಿತು. ಬ್ಯಾಟಿಗೂ ಚೆಂಡಿಗೂ ಪಾಲಿರುವ, ದಿನದಿಂದ ದಿನಕ್ಕೆ ಬದಲಾದರೂ ಅಪಾಯಕಾರಿಯಾಗದ ಪಿಚ್ ಇದು. ಒಳ್ಳೆಯ ಮೈದಾನದಿಂದ ನಾವು ನಿರೀಕ್ಷಿಸುವುದೂ ಅದನ್ನೇ.

ಈ ಅಂಗಣದ ಅತಿ ದೊಡ್ಡ ದಿನ 2024ರ ಜೂನ್ 6. ಆ ದಿನ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತು. ಮುಂಬೈಯಲ್ಲಿ ಬೆಳೆದು ಒರಾಕಲ್ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿರುವ ಸೌರಭ್ ನೇತ್ರವಾಲ್ಕರ್ ಆ ಸೂಪರ್ ಓವರ್ ಎಸೆದದ್ದು ಎಲ್ಲರಿಗೂ ನೆನಪಿದೆ. ಕನ್ನಡಿಗರು ನೆನಪಿಡಬೇಕಾದ ಇನ್ನೊಂದು ಹೆಸರು ನೋಸ್ತುಷ್ ಕೆಂಜಿಗೆಯವರದು. ಅಲಬಾಮಾ ರಾಜ್ಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ಭಾರತಕ್ಕೆ ಬಂದು, ಬೆಂಗಳೂರಿನ ಕ್ಲಬ್ ಕ್ರಿಕೆಟ್ಟಿನಲ್ಲಿ ಪಳಗಿದ ಈ ಎಡಗೈ ಸ್ಪಿನ್ನರ್ ಅಂದು 30 ರನ್‌ಗಳಿಗೆ 3 ವಿಕೆಟ್ ಪಡೆದರು. ಶಾದಾಬ್ ಖಾನ್ ಮತ್ತು ಅಜಂ ಖಾನ್ ಇಬ್ಬರನ್ನೂ ಸತತ ಎಸೆತಗಳಲ್ಲಿ ಔಟ್ ಮಾಡಿದ್ದು ಪಂದ್ಯದ ದಿಕ್ಕನ್ನೇ ತಿರುಗಿಸಿತು. ತನ್ನ ದೇಶದ ಕಾಯಂ ಪಿಚ್ಚಿನ ಮೇಲೆ ಸ್ಪಿನ್ನರ್ ಒಬ್ಬ ವಿಶ್ವಕಪ್ ಪಂದ್ಯ ಗೆಲ್ಲಲು ನೆರವಾದುದನ್ನು ನಾನು ಈ ಕ್ರೀಡಾಂಗಣದ ಗುಣಕ್ಕೆ ಸಿಕ್ಕ ಪ್ರಮಾಣಪತ್ರವೆಂದೇ ಭಾವಿಸುತ್ತೇನೆ.

ಇದರ ಪಕ್ಕದಲ್ಲಿ ಅದೇ ವಿಶ್ವಕಪ್ಪಿಗಾಗಿ ನ್ಯೂಯಾರ್ಕ್ ಬಳಿಯ ಐಸನ್‌ಹೋವರ್ ಪಾರ್ಕಿನಲ್ಲಿ ಎದ್ದ ನಸ್ಸಾವು ಕೌಂಟಿ ಕ್ರೀಡಾಂಗಣವನ್ನು ಇಟ್ಟು ನೋಡಬೇಕು. 34,000 ಮಂದಿ ಕೂರಬಹುದಾದ ಗ್ಯಾಲರಿಗಳು ಕೆಲವೇ ತಿಂಗಳಲ್ಲಿ ಮೇಲೆದ್ದವು. ಅವುಗಳಲ್ಲಿ ಕೆಲವು ಲಾಸ್ ವೇಗಸ್‌ನ ಫಾರ್ಮುಲಾ ಒನ್ ಕಾರ್ ರೇಸಿಗೆ ಬಳಸಿದ್ದಂಥವು. ಪಿಚ್‌ಗಳನ್ನು ಅಡಿಲೇಡ್‌ನ ಪರಿಣತರ ನೆರವಿನಿಂದ ಫ್ಲೋರಿಡಾದಲ್ಲಿ ತಟ್ಟೆಗಳಲ್ಲಿ ಬೆಳೆಸಿ, ಲಾರಿಗಳಲ್ಲಿ ಉತ್ತರಕ್ಕೆ ಸಾಗಿಸಿ, ಮೇ ತಿಂಗಳಲ್ಲಿ ನೆಲಕ್ಕೆ ಇಳಿಸಲಾಯಿತು. ಡ್ರಾಪ್-ಇನ್ ಪಿಚ್ ಎಂಬ ತಂತ್ರದಲ್ಲೇ ದೋಷವಿಲ್ಲ. ಅಡಿಲೇಡ್, ಮೆಲ್ಬರ್ನ್‌ಗಳಲ್ಲಿ ಅದು ಚೆನ್ನಾಗಿಯೇ ನಡೆದಿದೆ. ಆದರೆ ಹೊಸ ಜಾಗದ ಮಣ್ಣಿನೊಂದಿಗೆ ಕೂಡಿಕೊಂಡು ಗಟ್ಟಿಯಾಗಲು ಅದಕ್ಕೆ ಕಾಲ ಬೇಕು, ಅದರ ಮೇಲೆ ಸಾಕಷ್ಟು ಅಭ್ಯಾಸ ಪಂದ್ಯಗಳು ನಡೆಯಬೇಕು. ಆ ಕಾಲಾವಕಾಶ ಅಲ್ಲಿ ಇರಲಿಲ್ಲ. ಮೊದಲ ಪಂದ್ಯದಲ್ಲಿ ಶ್ರೀಲಂಕಾ 77ಕ್ಕೆ, ಎರಡನೆಯದರಲ್ಲಿ ಐರ್ಲೆಂಡ್ 96ಕ್ಕೆ ಔಟಾದವು. ಒಂದೇ ಜಾಗದಲ್ಲಿ ಬಿದ್ದ ಚೆಂಡು ಒಮ್ಮೆ ಪಾದದ ಬಳಿ ಹರಿದರೆ ಮತ್ತೊಮ್ಮೆ ಮುಖದ ಎತ್ತರಕ್ಕೆ ನೆಗೆಯುತ್ತಿತ್ತು, ರೋಹಿತ್ ಶರ್ಮಾ ತೋಳಿಗೆ ಪೆಟ್ಟು ತಿಂದು ಪೆವಿಲಿಯನ್‌ಗೆ ಮರಳಬೇಕಾಯಿತು. ನೆಲ ತುಸು ಮೆದುವಾಗಿದೆ, ಆಟಗಾರರ ಕಾಲಿನ ಸ್ನಾಯುಗಳಿಗೆ ಅದು ತಿಳಿಯುತ್ತದೆ ಎಂದು ಆಗಿನ ತರಬೇತುದಾರ ರಾಹುಲ್ ದ್ರಾವಿಡ್ ಮೊದಲೇ ಹೇಳಿದ್ದರು. ಪಿಚ್‌ಗಳು ತಾನು ಬಯಸಿದಷ್ಟು ಸ್ಥಿರವಾಗಿ ವರ್ತಿಸಿಲ್ಲವೆಂದು ಐಸಿಸಿ ಕೂಡ ಒಪ್ಪಿಕೊಂಡಿತು.

ಜೂನ್ 9ರಂದು ಅಲ್ಲಿ ಭಾರತ 119ಕ್ಕೆ ಔಟಾಗಿಯೂ ಪಾಕಿಸ್ತಾನವನ್ನು ಆರು ರನ್‌ಗಳಿಂದ ಮಣಿಸಿದ್ದು, ಬುಮ್ರಾ ಕೇವಲ 14 ರನ್ ಕೊಟ್ಟು ಮೂರು ವಿಕೆಟ್ ಕಿತ್ತದ್ದು ನಮ್ಮೆಲ್ಲರ ನೆನಪಿನಲ್ಲಿ ಉಳಿಯುವಂಥದೇ. ಎಂಟು ಪಂದ್ಯಗಳ ನಂತರ ಗ್ಯಾಲರಿಗಳನ್ನು ಬಿಚ್ಚಿ ಒಯ್ದರು. ಆ ಕ್ರೀಡಾಂಗಣಕ್ಕೆ ಒಟ್ಟು ಸುಮಾರು 3 ಕೋಟಿ ಡಾಲರ್ ಖರ್ಚಾಯಿತೆಂದು ವರದಿಯಾಗಿತ್ತು. ಅಂದರೆ ಟೆಕ್ಸಸ್‌ನ ಕಾಯಂ ಮೈದಾನಕ್ಕೆ ತಗುಲಿದ್ದಕ್ಕಿಂತ ಹೆಚ್ಚು. ಅಷ್ಟು ಹಣ ಒಂದೆರಡು ವಾರಗಳ ಪಂದ್ಯಗಳಿಗೆ ಹೋಗಿ, ಭಾರತ ಉಪಖಂಡದ ಜನ ಇಷ್ಟು ದೊಡ್ಡ ಸಂಖ್ಯೆಯಲ್ಲಿರುವ ನ್ಯೂಯಾರ್ಕ್‌ಗೆ ಗ್ಯಾಲರಿ ಸಹಿತವಾದ ಒಂದು ಕಾಯಂ ಕ್ರೀಡಾಂಗಣವೂ ಉಳಿಯದೆ ಹೋದದ್ದು ನನಗೆ ನಿಜಕ್ಕೂ ಬೇಸರ ತಂದ ಸಂಗತಿ.

ಫ್ಲೋರಿಡಾದ ಲಾಡರ್‌ಹಿಲ್‌ನಲ್ಲಿರುವ ಸೆಂಟ್ರಲ್ ಬ್ರೋವರ್ಡ್ ಪಾರ್ಕ್ ಮೈದಾನದ ಕಥೆ ಬೇರೆಯದು. 2007ರಲ್ಲಿ ಆರಂಭವಾದ ಅದು ಕ್ರಿಕೆಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಸಾರ್ವಜನಿಕ ಮೈದಾನ. 2016ರ ಆಗಸ್ಟ್ 27ರಂದು ಅಲ್ಲಿ ವೆಸ್ಟ್ ಇಂಡೀಸ್ 245 ರನ್ ಪೇರಿಸಿದಾಗ ಸ್ಟುವರ್ಟ್ ಬಿನ್ನಿ ಅವರ ಒಂದೇ ಓವರ್‌ನಲ್ಲಿ 32 ರನ್ ಸೋರಿಹೋದವು; ಉತ್ತರವಾಗಿ ಕೆ.ಎಲ್. ರಾಹುಲ್ 51 ಎಸೆತಗಳಲ್ಲಿ ಅಜೇಯ 110 ಹೊಡೆದರೂ ಭಾರತ ಒಂದೇ ಒಂದು ರನ್ನಿನಿಂದ ಸೋತಿತು. ಆಗ ಅನಿಲ್ ಕುಂಬ್ಳೆ ತಂಡದ ತರಬೇತುದಾರರಾಗಿದ್ದರು ಎಂಬುದನ್ನೂ ಸೇರಿಸಿದರೆ, ಅಮೆರಿಕದ ನೆಲದಲ್ಲಿ ಕರ್ನಾಟಕದವರ ಪಾಲು ಇಷ್ಟು ದೊಡ್ಡದಿದ್ದ ದಿನ ಬೇರೊಂದು ನನಗೆ ನೆನಪಾಗುವುದಿಲ್ಲ. ಮರುದಿನದ ಪಂದ್ಯ ಮಾತ್ರ ಆ ಮೈದಾನದ ದೌರ್ಬಲ್ಯವನ್ನು ತೆರೆದಿಟ್ಟಿತು. ಮಳೆ ಬಂದು ಹೋದ ಮೇಲೂ ಒದ್ದೆ ನೆಲ ಆಟಕ್ಕೆ ಒದಗದೆ, ಭಾರತ ಎರಡು ಓವರ್ ಆಡಿದ್ದಷ್ಟೇ ಆಗಿ ಪಂದ್ಯ ರದ್ದಾಯಿತು. ಎಂಟು ವರ್ಷಗಳ ನಂತರ 2024ರ ವಿಶ್ವಕಪ್ಪಿನಲ್ಲಿ ಅಲ್ಲಿ ನಡೆಯಬೇಕಿದ್ದ ನೇಪಾಳ–ಶ್ರೀಲಂಕಾ, ಅಮೆರಿಕ–ಐರ್ಲೆಂಡ್, ಭಾರತ–ಕೆನಡಾ ಪಂದ್ಯಗಳು ಒಂದರ ಹಿಂದೊಂದು ನೀರುಪಾಲಾದವು.

ಇಲ್ಲಿ ನಮ್ಮೂರಿನ ಒಂದು ವಿಷಯ ಹೇಳಲೇಬೇಕು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ನೆಲದಡಿಯ ಕೊಳವೆಗಳ ಮೂಲಕ ಮಳೆನೀರನ್ನು ಹೀರಿ ಹೊರಹಾಕುತ್ತದೆ. ಜೋರು ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಆಟ ಶುರುವಾಗುವುದನ್ನು ನಾವು ಐಪಿಎಲ್ ಪಂದ್ಯಗಳಲ್ಲಿ ಕಂಡಿದ್ದೇವೆ. ಅದು ಅಮೆರಿಕದ ಗಾಲ್ಫ್ ಅಂಗಣಗಳಿಗಾಗಿ ಅಮೆರಿಕದಲ್ಲೇ ರೂಪುಗೊಂಡ ತಂತ್ರಜ್ಞಾನ. ತನ್ನದೇ ದೇಶದ ಗಾಲ್ಫ್ ಹುಲ್ಲಿಗೂ ಬೆಂಗಳೂರಿನ ಕ್ರಿಕೆಟ್ ಹುಲ್ಲಿಗೂ ಒದಗಿದ ಈ ಸೌಲಭ್ಯ, ಬೇಸಿಗೆಯಿಡೀ ಸಿಡಿಲು ಮಳೆ ಬೀಳುವ ಫ್ಲೋರಿಡಾದ ಕ್ರಿಕೆಟ್ ಮೈದಾನಕ್ಕೆ ಎಲ್ಲಕ್ಕಿಂತ ಮೊದಲು ಸಲ್ಲಬೇಕು. ಅಮೆರಿಕದ ನಗರಗಳಲ್ಲಿ ಹೊಸ ಮೈದಾನ ಕಟ್ಟಲು ಹೊರಟವರು ಗ್ಯಾಲರಿಯ ನಕ್ಷೆಗೂ ಮೊದಲು ನೀರು ಹರಿದುಹೋಗುವ ದಾರಿಯ ನಕ್ಷೆ ಬರೆಯಬೇಕು. ನೆಲದಡಿಯ ಕೆಲಸವನ್ನು ಆಮೇಲೆ ಮಾಡಲು ಹೊರಟರೆ ಬೆಳೆದ ಹುಲ್ಲನ್ನೆಲ್ಲ ಕಿತ್ತು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಗ್ರ್ಯಾಂಡ್ ಪ್ರೇರಿಗೆ ಮರಳುತ್ತೇನೆ. ನಾನು ಕಡಿತಗೊಳಿಸಿದ ಒಂದು ಅಂಕ ಬಿಸಿಲಿನದು ಮತ್ತು ದಾರಿಯದು. ಲೀಗ್ ನಡೆಯುವ ಜೂನ್–ಜುಲೈ ತಿಂಗಳುಗಳಲ್ಲಿ ಉತ್ತರ ಟೆಕ್ಸಸ್‌ನ ತಾಪಮಾನ 38 ಡಿಗ್ರಿ ದಾಟುವುದು ಸಾಮಾನ್ಯ. ತಾತ್ಕಾಲಿಕ ಗ್ಯಾಲರಿಗಳ ಮೇಲೆ ಸೂರು ಇಲ್ಲ. ಲೋಹದ ಬೆಂಚು ಮಧ್ಯಾಹ್ನದ ಹೊತ್ತಿಗೆ ಕೈಯಿಡಲಾಗದಷ್ಟು ಕಾಯುತ್ತದೆ. ಸಂಜೆ ಶುರುವಾಗುವ ಹೊನಲು ಬೆಳಕಿನ ಪಂದ್ಯಗಳಲ್ಲಿ ಈ ತೊಂದರೆ ಬಹುಪಾಲು ಇಲ್ಲ. ಆದರೆ ಭಾರತದ ದೂರದರ್ಶನ ವೀಕ್ಷಕರ ಅನುಕೂಲಕ್ಕೆ ಹೊಂದಿಸಿದ ಬೆಳಗಿನ ಪಂದ್ಯಗಳಲ್ಲಿ ಮೈದಾನಕ್ಕೆ ಬಂದವರೇ ಬೆಲೆ ತೆರಬೇಕಾಗುತ್ತದೆ. ಪಾಕಿಸ್ತಾನದ ವಿರುದ್ಧದ ಆ ಪ್ರಸಿದ್ಧ ಪಂದ್ಯ ಶುರುವಾದದ್ದು ಸ್ಥಳೀಯ ಸಮಯ ಬೆಳಗ್ಗೆ ಹತ್ತೂವರೆಗೆ, ಅಂದರೆ ನಮ್ಮಲ್ಲಿ ರಾತ್ರಿ ಒಂಬತ್ತಕ್ಕೆ. ಚಿಕ್ಕ ಮಕ್ಕಳನ್ನು, ವಯಸ್ಸಾದ ತಂದೆ ತಾಯಿಯರನ್ನು ಕರೆದುಕೊಂಡು ಬರುವ ಕುಟುಂಬಗಳು ಇಲ್ಲಿ ಬಹಳ. ಊರಿನಿಂದ ಬೇಸಿಗೆಗೆಂದು ಬಂದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಪಕ್ಕ ಕುಳಿತು ಆಟದ ನಿಯಮ ವಿವರಿಸುವ ದೃಶ್ಯ ಇಲ್ಲಿನ ಗ್ಯಾಲರಿಯಲ್ಲಿ ಅಪರೂಪವಲ್ಲ. ಅವರ ದೃಷ್ಟಿಯಿಂದ ನೆರಳು ಎನ್ನುವುದು ಐಷಾರಾಮವಲ್ಲ, ಅಗತ್ಯ. ಕಾರಿಲ್ಲದವರಿಗೆ ಇಲ್ಲಿಗೆ ಬರುವುದೇ ಕಷ್ಟ, ಏಕೆಂದರೆ ಡಲ್ಲಾಸ್‌ನ ಡಾರ್ಟ್ ಬಸ್–ರೈಲು ಜಾಲಕ್ಕೆ ಗ್ರ್ಯಾಂಡ್ ಪ್ರೇರಿ ನಗರ ಸೇರಿಲ್ಲ. ವಿದ್ಯಾರ್ಥಿಗಳು ನಾಲ್ಕೈದು ಜನ ಕೂಡಿ ಟ್ಯಾಕ್ಸಿಯಲ್ಲಿ ಬರುವುದೇ ಲೇಸು.

ನೋಟದ ವಿಷಯದಲ್ಲಿ ಮಾತ್ರ ದೂರಿಗೆ ಅವಕಾಶವೇ ಇಲ್ಲ. ಎಲ್ಲಿ ಕುಳಿತರೂ ಆಟ ಹತ್ತಿರ. ಬೌಲರ್ ಚೆಂಡನ್ನು ಬೆರಳ ನಡುವೆ ಹೇಗೆ ಹಿಡಿದಿದ್ದಾನೆ, ಕೀಪರ್ ಮೊದಲ ಸ್ಲಿಪ್‌ಗೆ ಏನು ಸನ್ನೆ ಮಾಡಿದ ಎಂಬುದೆಲ್ಲ ಬೌಂಡರಿ ಪಕ್ಕದ ಸಾಲುಗಳಲ್ಲಿ ಕುಳಿತವರ ಕಣ್ಣಿಗೆ ಬೀಳುತ್ತದೆ. ಬ್ಯಾಟಿನ ನಡುಮಧ್ಯಕ್ಕೆ ತಗುಲಿದ ಚೆಂಡಿನ ಸದ್ದು ಅಂಚಿಗೆ ತಗುಲಿದ್ದಕ್ಕಿಂತ ಬೇರೆಯಾಗಿ ಕಿವಿಗೆ ಬರುತ್ತದೆ. 34,000 ಮಂದಿಯ ಗ್ಯಾಲರಿಯಲ್ಲಿ ಈ ಭಾಗ್ಯ ಕೆಲವರಿಗಷ್ಟೇ. ನೇಪಾಳ ತಂಡ ಇಲ್ಲಿ ಆಡಿದಾಗ ಗ್ಯಾಲರಿ ತುಂಬಿ ತುಳುಕಿ ಕೆಂಪು ನೀಲಿಯಾಗಿದ್ದನ್ನು ಟಿವಿಯಲ್ಲಿ ಕಂಡವರಿಗೂ ಈ ಅಂಗಣದ ಬಿಸುಪು ಅರ್ಥವಾಗಿರುತ್ತದೆ. ಅರ್ಧ ಖಾಲಿಯಾದ ದೊಡ್ಡ ಕ್ರೀಡಾಂಗಣದಲ್ಲಿ ಅಂಥ ಕೂಗು ಏಳುವುದಿಲ್ಲ.

2025ರಲ್ಲಿ ಲೀಗ್ ಓಕ್‌ಲ್ಯಾಂಡ್‌ನ ಹಳೆಯ ಕೊಲಿಸಿಯಂಗೂ ಹೋಯಿತು. ಅಲ್ಲಿ ಡ್ರಾಪ್-ಇನ್ ಪಿಚ್ಚಿನ ಮೇಲೆ ಫಿನ್ ಅಲೆನ್ 51 ಎಸೆತಗಳಲ್ಲಿ 19 ಸಿಕ್ಸರ್‌ಗಳೊಂದಿಗೆ 151 ರನ್ ಹೊಡೆದದ್ದು ಭರ್ಜರಿ ಆರಂಭವೇ. ಖಾಲಿ ಬಿದ್ದ ಬೇಸ್‌ಬಾಲ್ ಅಂಗಣಗಳನ್ನು ಹುಡುಕಿ ಬಳಸುವ ಈ ದಾರಿ ಜಾಣತನದ್ದು. ಆದರೆ ನಗರಸಭೆಯೊಂದಿಗೆ ದೀರ್ಘಕಾಲದ ಗುತ್ತಿಗೆ, ನೆಲದಲ್ಲೇ ಹಾಸಿದ ಪಿಚ್, ಲೀಗ್ ಇಲ್ಲದ ತಿಂಗಳುಗಳಲ್ಲಿ ಸ್ಥಳೀಯ ಆಟಗಾರರಿಗೆ ಪ್ರವೇಶ, ಈ ಮೂರೂ ಕೂಡಿದಾಗಲೇ ಅದು ಗ್ರ್ಯಾಂಡ್ ಪ್ರೇರಿಯ ಮಟ್ಟಕ್ಕೆ ಏರೀತು. 2028ರ ಒಲಿಂಪಿಕ್ಸ್‌ಗಾಗಿ ಲಾಸ್ ಏಂಜಲೀಸ್ ಬಳಿಯ ಪೊಮೋನಾದಲ್ಲಿ ಕ್ರಿಕೆಟ್ ಅಂಗಣ ಸಿದ್ಧವಾಗಬೇಕಿದೆ. 1900ರ ಪ್ಯಾರಿಸ್ ನಂತರ ಆಟ ಒಲಿಂಪಿಕ್ಸ್‌ಗೆ ಮರಳುತ್ತಿರುವ ಆ ಜಾಗವೂ ತಾತ್ಕಾಲಿಕವೆಂದೇ ಯೋಜಿತವಾಗಿದೆ. ಗ್ಯಾಲರಿ ತಾತ್ಕಾಲಿಕವಾಗಿರಲಿ, ತಕರಾರಿಲ್ಲ. ಪಿಚ್ ಮತ್ತು ಔಟ್‌ಫೀಲ್ಡ್ ಮಾತ್ರ ಪಂದ್ಯಗಳ ನಂತರವೂ ಉಳಿಯುವಂತೆ ಕಟ್ಟಿದರೆ ಕ್ಯಾಲಿಫೋರ್ನಿಯಾದ ಹುಡುಗ ಹುಡುಗಿಯರಿಗೆ ಮಣ್ಣಿನ ಪಿಚ್ಚಿನ ಮೇಲೆ ಆಡುವ ಅವಕಾಶ ಸಿಗುತ್ತದೆ.

ಗ್ರ್ಯಾಂಡ್ ಪ್ರೇರಿಗೆ ಮೊದಲ ಬಾರಿ ಹೋಗುವವರು ಸಂಜೆಯ ಪಂದ್ಯವನ್ನೇ ಆರಿಸಿಕೊಳ್ಳಬೇಕು. ಟಿಕೆಟ್ ಕೊಳ್ಳುವಾಗ ಆಸನಗಳ ನಕ್ಷೆ ನೋಡಿ, ಸಾಧ್ಯವಾದರೆ ಸೈಟ್‌ಸ್ಕ್ರೀನ್‌ಗೆ ಹತ್ತಿರವಿರುವ ಸಾಲುಗಳನ್ನು ಹಿಡಿಯಿರಿ, ಏಕೆಂದರೆ ಚೆಂಡು ಎತ್ತ ತಿರುಗಿತು, ಎಷ್ಟು ತಿರುಗಿತು ಎಂಬುದು ಪಕ್ಕದಿಂದ ನೋಡುವವರಿಗೆ ತಿಳಿಯುವುದಿಲ್ಲ. ಹಗಲಿನ ಪಂದ್ಯವೇ ಆದರೆ ಟೋಪಿ, ನೀರಿನ ಏರ್ಪಾಡು ಮಾಡಿಕೊಂಡು, ಸೂರಿಲ್ಲದ ತಾತ್ಕಾಲಿಕ ಗ್ಯಾಲರಿಯನ್ನು ಬಿಟ್ಟು ಹಳೆಯ ಮುಖ್ಯ ಗ್ಯಾಲರಿಯಲ್ಲಿ ಜಾಗ ಹುಡುಕಿ. ನಗರಸಭೆ ಮತ್ತು ಲೀಗ್ ಮುಂದಿನ ವಿಸ್ತರಣೆಗೆ ಹಣ ತೆಗೆದಿಟ್ಟಾಗ ಆಸನಗಳನ್ನು ಹೆಚ್ಚಿಸುವ ಮೊದಲು ಈಗಿರುವ ಆಸನಗಳಿಗೆ ನೆರಳು ಕಟ್ಟಿಸಿದರೆ, ಉಳಿಸಿಕೊಂಡಿರುವ ಆ ಒಂದು ಅಂಕವನ್ನೂ ನಾನು ಸಂತೋಷದಿಂದ ಸೇರಿಸುತ್ತೇನೆ.